ಮೇಸ್ತ್ರಿ ಬರೋದಕ್ಕಿಂತ ಮೊದಲು ಪಂಚಾಯಿತಿ ಬರಬೇಕು

2023ರ ಬರಗಾಲದಲ್ಲಿ ಜಗಳೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯವರ ಜೊತೆ ಕೂತು ಕೂಲಿ ಹುಡುಕಿ ಊರು ಬಿಟ್ಟು ಗುಳೆ ಹೋಗುವವರ ವಹಿ (ದಾಖಲೆ ಪುಸ್ತಕ) ಬರೆದೆವು. ಹೇಗೆ ಮಾಡಿದಿರಿ, ಏನು ಉಪಯೋಗ ಆಯಿತು ಅಂತ ಬೇರೆ ಪಂಚಾಯಿತಿಗಳ ಸದಸ್ಯರು, ಪಿಡಿಒಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು) ಈಗಲೂ ಕೇಳುತ್ತಿರುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು. ನಾನು ದಾವಣಗೆರೆಯಲ್ಲಿ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಪಂಚಾಯಿತಿಗಳು ತಮ್ಮ ವಾರ್ಷಿಕ ಯೋಜನೆ ಮಾಡುವಾಗ ಜೊತೆಗೆ ನಿಲ್ಲೋದು ನಮ್ಮ ಕೆಲಸ. ಪಂಚಾಯಿತಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಆ ವಹಿಯಲ್ಲಿ ಸಾಲದ ಲೆಕ್ಕ ಇದೆ, ಬೀಗ ಹಾಕಿದ ಮನೆಗಳ ಲೆಕ್ಕ ಇದೆ. ಅದು ಆ ಜನರದ್ದು.

ದಾವಣಗೆರೆ ಜಿಲ್ಲೆ ಅಂದರೆ ಹೊರಗಿನವರಿಗೆ ಭದ್ರಾ ನಾಲೆ, ಭತ್ತ, ಚನ್ನಗಿರಿಯ ಅಡಿಕೆ ತೋಟ ಕಣ್ಣಮುಂದೆ ಬರುತ್ತದೆ. ಜಗಳೂರಿನ ಕಥೆಯೇ ಬೇರೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಹೇಗೋ ಇದೂ ಹಾಗೇ, ಮಳೆ ನಂಬಿದ ಸೀಮೆ. ಮೆಕ್ಕೆಜೋಳ, ಶೇಂಗಾ, ರಾಗಿ, ಅಲ್ಲಲ್ಲಿ ಈರುಳ್ಳಿ. ತುಂಗಭದ್ರೆಯಿಂದ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಇದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯೂ ಆಯಿತು. ಆದರೆ ನೀರು ಹೊಲಕ್ಕೆ ಬರುವ ತನಕ ಹೊಟ್ಟೆ ಕಾಯೋದಿಲ್ಲ, ಅಲ್ವಾ. ಸುಗ್ಗಿ ಕೈಕೊಟ್ಟರೆ ಜನ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಕ್ಕೆ ಹೋಗುತ್ತಾರೆ, ಮಂಡ್ಯ ಕಡೆ ಕಬ್ಬು ಕಡಿಯೋಕೆ ಹೋಗುತ್ತಾರೆ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಬರೀ ದಾವಣಗೆರೆ ತನಕ ಬಂದು ಹೊಸ ಬಡಾವಣೆಗಳ ಪಕ್ಕ ಟೆಂಟ್ ಹಾಕುತ್ತಾರೆ.

ಗುಳೆ ನಮ್ಮ ಕಡೆ ಹೊಸದಲ್ಲ. ಹೊಸದು ಏನಪ್ಪಾ ಅಂದರೆ ಮಳೆಯ ಲೆಕ್ಕ ತಪ್ಪುವುದು. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು, 89 ವರ್ಷ ಆದ ಮೇಲೆ. ಮಾರಿಕಣಿವೆ ಅಂತಲೂ ಕರೆಯುವ ಆ ಜಲಾಶಯ ನೋಡೋಕೆ ಜನವೋ ಜನ. ಅದೇ ಮಳೆಗೆ ಹೊಲದಲ್ಲಿ ಈರುಳ್ಳಿ ಕೊಳೆತು ಕೈ ಖಾಲಿ ಮಾಡಿಕೊಂಡವರೂ ಇದ್ದರು. ಮರುವರ್ಷವೇ ಬರ. 2023ರ ಆಗಸ್ಟ್‌ನಷ್ಟು ಒಣ ಆಗಸ್ಟ್ 1901ರಿಂದ ಈಚೆಗೆ ದೇಶದಲ್ಲಿ ಬಂದಿರಲಿಲ್ಲ ಅಂತ ಹವಾಮಾನ ಇಲಾಖೆಯೇ ಹೇಳಿತು. ಒಂದು ವರ್ಷ ಕೊಳೆತು, ಮರುವರ್ಷ ಒಣಗಿದರೆ, ಮೊದಲನೇ ವರ್ಷದ ಸಾಲದ ಮೇಲೆ ಎರಡನೇ ವರ್ಷದ ಬೀಜ ಗೊಬ್ಬರದ ಸಾಲ ಕೂರುತ್ತದೆ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಆರಿದ್ರಾ ಬಂದರೂ ಮಘೆ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ತೆನೆ ಕಟ್ಟುವ ಹೊತ್ತಿಗೆ ಮೂರು ವಾರ ಮಳೆ ಹೋದರೆ ಮೆಕ್ಕೆಜೋಳ ದನಕ್ಕೆ ಮೇವಾಗುತ್ತದೆ, ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಅದು 223ಕ್ಕೆ ಏರಿತು. ಬರ ಘೋಷಣೆಗೆ ಒಂದು ಲೆಕ್ಕ ಇದೆ: ಮಳೆ ಎಷ್ಟು ಕಡಿಮೆ, ಎಷ್ಟು ವಾರ ಮಳೆ ಇಲ್ಲ, ಬೆಳೆ, ತೇವಾಂಶ, ಎಲ್ಲ. ರಾಜ್ಯದಲ್ಲಿ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುವ ಯಂತ್ರಗಳಿವೆ, ಯಾವ ದಿನ ಎಷ್ಟು ಮಿಲಿಮೀಟರ್ ಬಿತ್ತು ಅಂತ ಕಂಪ್ಯೂಟರ್‌ನಲ್ಲಿ ನೋಡಬಹುದು. ಆದರೆ ಆ ಪಂಚಾಯಿತಿಯಿಂದ ಎಷ್ಟು ಮನೆಯವರು ಊರು ಬಿಟ್ಟರು ಅನ್ನೋದು ಯಾವ ಕಾಗದದಲ್ಲೂ ಇಲ್ಲ. 2011ರ ಜನಗಣತಿ ಹಳೆಯದಾಯಿತು, ಅದೂ ಆರು ತಿಂಗಳು ಹೋಗಿ ಯುಗಾದಿಗೆ ವಾಪಸ್ ಬರುವವರನ್ನು ಹಿಡಿಯುವುದಿಲ್ಲ. ಒಂದು ತರಬೇತಿಯಲ್ಲಿ ವಿಶ್ವಬ್ಯಾಂಕ್‌ನ 2021ರ ವರದಿ ತೋರಿಸಿದರು. ಹವಾಮಾನ ಬದಲಾವಣೆಯಿಂದ 2050ರ ಹೊತ್ತಿಗೆ ಜಗತ್ತಿನಲ್ಲಿ 21 ಕೋಟಿ 60 ಲಕ್ಷದಷ್ಟು ಜನ ತಮ್ಮ ದೇಶದೊಳಗೇ ನೆಲೆ ಬದಲಿಸಬೇಕಾಗಬಹುದು, ಅದರಲ್ಲಿ ದಕ್ಷಿಣ ಏಷ್ಯಾದವರೇ ಸುಮಾರು 4 ಕೋಟಿ ಅಂತ. ನಮ್ಮ ಜೊತೆ ಬಂದಿದ್ದ ಪಂಚಾಯಿತಿ ಸದಸ್ಯೆಯೊಬ್ಬರು ಪಕ್ಕಕ್ಕೆ ವಾಲಿ, "ಇದರಾಗೆ ನಮ್ ತಾಂಡಾ ಎಲ್ಲೈತಣ್ಣ?" ಅಂದರು. ನಾವು ಮಾಡಿದ್ದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕಿದ್ದೇ.

ಮೊದಲ ಅಡ್ಡಿ ಎದುರಾಗಿದ್ದು ಜನರಿಂದ ಅಲ್ಲ, ಕಚೇರಿಯಿಂದ. ಬರದ ವರ್ಷ ಮೇಲಿನಿಂದ ಒಂದು ನಮೂನೆ ಬರುತ್ತದೆ, ನಿಮ್ಮಲ್ಲಿ ಗುಳೆ ಇದೆಯಾ ಅಂತ. ಇದೆ ಅಂತ ಬರೆದರೆ ಮರುಪ್ರಶ್ನೆ ಗ್ಯಾರಂಟಿ: ಉದ್ಯೋಗ ಖಾತ್ರಿ ಕೆಲಸ ಯಾಕೆ ಕೊಡಲಿಲ್ಲ? ಹಾಗಾಗಿ ಎಷ್ಟೋ ಕಡೆ ಸುಮ್ನೆ "ಇಲ್ಲ" ಅಂತ ಬರೆದು ಕಳಿಸುತ್ತಾರೆ. ಇದನ್ನು ನಾನು ಪಿಡಿಒಗಳ ಮೇಲೆ ಹೊರಿಸುವುದಿಲ್ಲ. ನಿಜ ಬರೆದವರಿಗೆ ನೋಟಿಸ್, ಸೊನ್ನೆ ಬರೆದವರಿಗೆ ನೆಮ್ಮದಿ ಅಂತಾದರೆ ಯಾರು ತಾನೇ ನಿಜ ಬರೆಯುತ್ತಾರೆ? ನಮ್ಮ ಪಿಡಿಒ ಮೇಡಂ ನೇರವಾಗಿ ಕೇಳಿದರು, "ಈ ವಹಿ ನಾಳೆ ನನ್ನ ಕುತ್ತಿಗೆಗೆ ಬರಲ್ಲ ತಾನೇ?" ಅದಕ್ಕೆ ನಾವು ಒಂದು ದಾರಿ ಮಾಡಿಕೊಂಡೆವು. ವಹಿಯನ್ನು ವಾರ್ಡ್ ಸಭೆಯಲ್ಲಿ ಓದಿ, ಪಂಚಾಯಿತಿ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿ ಇಟ್ಟರೆ ಅದು ಅಧಿಕಾರಿಯೊಬ್ಬರ ಹೇಳಿಕೆ ಆಗುವುದಿಲ್ಲ, ಇಡೀ ಪಂಚಾಯಿತಿಯ ದಾಖಲೆ ಆಗುತ್ತದೆ. ಜೊತೆಗೆ ಕೆಲಸದ ಬೇಡಿಕೆಗೆ, ಹೆಚ್ಚಿನ ಅನುದಾನ ಕೇಳೋದಕ್ಕೆ ಅದೇ ಆಧಾರ ಆಗುತ್ತದೆ. ಅಧ್ಯಕ್ಷರು ಒಪ್ಪಿದರು. ಮೇಡಂ ಅವತ್ತಿನಿಂದ ಯಾವ ಕಾಗದಕ್ಕೂ ಹಿಂದೆ ನೋಡಲಿಲ್ಲ.

ಮನೆಮನೆಗೆ ಹೋಗಿದ್ದು ಕಾಯಕ ಮಿತ್ರ ಅಕ್ಕ (ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ನೆರವಾಗುವವರು), ಆಶಾ ಅಕ್ಕ, ಅಂಗನವಾಡಿ ಟೀಚರ್, ಮತ್ತೆ ಅರಿವು ಕೇಂದ್ರದ ಗ್ರಂಥಪಾಲಕ. ಹೊರಗಿನವರಾದ ನಾವು ಹಿಂದೆ ಇದ್ದೆವು, ಅಷ್ಟೇ. "ನೀವು ಗುಳೆ ಹೋಗ್ತೀರಾ?" ಅಂತ ಕೇಳಿದರೆ ಯಾರೂ ಹೌದು ಅನ್ನೋದಿಲ್ಲ. ರೇಷನ್ ಕಾರ್ಡ್ ಹೋಗುತ್ತೇನೋ, ಮನೆ ಮಂಜೂರಾತಿ ಹೋಗುತ್ತೇನೋ ಅನ್ನೋ ಭಯ. ಆಶಾ ಅಕ್ಕನೇ ಪ್ರಶ್ನೆ ತಿರುಗಿಸಿದಳು: "ಸಂಕ್ರಾಂತಿಗೆ ಮನೇಲಿ ಯಾರ್ಯಾರು ಇರ್ತೀರಿ?" ಇದಕ್ಕೆ ಮಾತ್ರ ಎಲ್ಲರೂ ಸರಾಗವಾಗಿ ಉತ್ತರ ಕೊಟ್ಟರು. ಅಜ್ಜಿ ಇರುತ್ತಾಳೆ, ಎಮ್ಮೆ ಇರುತ್ತದೆ, ದೊಡ್ಡ ಹುಡುಗ ಹಾಸ್ಟೆಲ್‌ನಲ್ಲಿ, ಉಳಿದವರು ಮೂಡಿಗೆರೆ ಕಡೆ. ಬರೆದುಕೊಳ್ಳೋದು ಅಷ್ಟೇ ಬಾಕಿ.

ಒಂದು ಮನೆಯ ಮುಂದೆ ಅಜ್ಜಿಯೊಬ್ಬರು ಒಣಗಿದ ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದರು. ತೆನೆ ಅಂದರೆ ಹೆಬ್ಬೆರಳಿನ ಉದ್ದ. ಒಂದೊಂದರಲ್ಲೂ ಅಲ್ಲಲ್ಲಿ ಉದುರಿದ ಹಾಗೆ ನಾಲ್ಕು ಕಾಳು, ಉಳಿದಿದ್ದು ಬರೀ ಬೆಂಡು. ಕಾಳು ಬಿಡಿಸಿ ಮೊರಕ್ಕೆ ಹಾಕಿ ಬೆಂಡು ಒಲೆಗೆ ಅಂತ ಪಕ್ಕಕ್ಕೆ ಹಾಕುತ್ತಿದ್ದರು. ಮೊರ ತುಂಬೋದಕ್ಕಿಂತ ಬೇಗ ಬೆಂಡಿನ ಗುಡ್ಡೆ ಬೆಳೆಯುತ್ತಿತ್ತು. ಆಶಾ ಅಕ್ಕ ಪ್ರಶ್ನೆ ಕೇಳಿದಾಗ ಅಜ್ಜಿ ತಲೆ ಎತ್ತದೆ ಹೇಳಿದರು, "ನಾನಿರ್ತೀನವ್ವ. ಬಿಪಿ ಗುಳಿಗೆ ಯಾರ್ ತಂದ್ಕೊಡ್ತಾರೆ ಅಂತ ಬರ್ಕೋ ಅದ್ರಾಗೆ." ನಮ್ಮ ನಮೂನೆಯಲ್ಲಿ ಹೋಗುವವರ ಕಾಲಂ ಇತ್ತು, ಉಳಿಯುವವರ ಕಾಲಂ ಇರಲಿಲ್ಲ. ಅವತ್ತೇ ಸಂಜೆ ಸೇರಿಸಿದೆವು. ಆಮೇಲೆ ಇಡೀ ವಹಿಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿದ್ದೇ ಆ ಕಾಲಂ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಇಡೀ ಬರಹ ಇದಕ್ಕೋಸ್ಕರ.

ತಾಂಡಾದಲ್ಲಿ ಒಬ್ಬ ಮೇಸ್ತ್ರಿ ಇದ್ದ, ಅಂದರೆ ಮುಂಗಡ ಕೊಟ್ಟು ಜನರನ್ನು ತೋಟದ ಕೂಲಿಗೆ ಕರೆದುಕೊಂಡು ಹೋಗುವವನು. ಅದೇ ತಾಂಡಾದವನು, ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗಿ ಬೆಳೆದವನು. ಅವನನ್ನು ಬಿಟ್ಟು ಈ ಕೆಲಸ ಮಾಡೋಕೆ ಆಗಲ್ಲ ಅಂತ ಸದಸ್ಯೆಯೇ ಕರೆದುಕೊಂಡು ಬಂದರು. ಅವನ ಜೇಬಿನಲ್ಲಿ ಒಂದು ಪುಟ್ಟ ಡೈರಿ. ಒಂದೊಂದು ಪುಟದಲ್ಲಿ ಒಂದು ಜೋಡಿಯ ಹೆಸರು, ಕೊಟ್ಟ ಮುಂಗಡ, ಕೊಟ್ಟ ತಾರೀಕು. ತಾರೀಕುಗಳನ್ನು ನೋಡುತ್ತಾ ಹೋದರೆ ಮುಕ್ಕಾಲು ಪಾಲು ಗಣಪತಿ ಹಬ್ಬದ ಆಸುಪಾಸು. ಅಂದರೆ ಹುಬ್ಬೆ ಮಳೆ ಕೈಕೊಟ್ಟು, ಬೆಳೆ ಬರಲ್ಲ ಅಂತ ಖಾತ್ರಿ ಆದ ಹೊತ್ತು. ಹೋಗೋದು ದೀಪಾವಳಿ ಮುಗಿಸಿಕೊಂಡು, ಯಾಕಂದರೆ ತಾಂಡಾದವರಿಗೆ ದೀಪಾವಳಿಯೇ ದೊಡ್ಡ ಹಬ್ಬ, ಅತ್ತ ಕಾಫಿ ಹಣ್ಣಾಗೋದೂ ಆಗಲೇ. ಆದರೆ ಹೋಗೋದು ಎಂದು ತೀರ್ಮಾನ ಆಗೋದು ಸೆಪ್ಟೆಂಬರ್‌ನಲ್ಲಿ, ದುಡ್ಡು ಕೈಗೆ ಬಿದ್ದ ದಿನ. ಅವನೇ ಹೇಳಿದ: "ಸಾರ್, ನಾನು ದುಡ್ಡು ಕೊಡೋದು ಗಣಪನ ಹಬ್ಬಕ್ಕೆ. ನಿಮ್ ಪಂಚಾಯ್ತಿ ಕೆಲ್ಸ ಕೊಡೋದು ಸಂಕ್ರಾಂತಿ ಕಳೆದ್ಮೇಲೆ. ಜನ ಯಾರತ್ರ ಬರ್ತಾರೆ ಹೇಳ್ರಿ?"

ಆ ಮಾತು ಕೇಳಿದ ಮೇಲೆ ನಾವು ಪಂಚಾಯಿತಿ ಹಾಲ್‌ನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ಮೇಲೆ ಮಳೆ ನಕ್ಷತ್ರ ಬರೆದೆವು, ಮೃಗಶಿರದಿಂದ ಸ್ವಾತಿ ತನಕ. ಅದರ ಕೆಳಗೆ ಹಬ್ಬಗಳು. ಅದರ ಕೆಳಗೆ ಜನ ಸಾಲ ಮಾಡುವ ಹೊತ್ತು, ಮುಂಗಡ ಪಡೆಯುವ ಹೊತ್ತು, ಹೊರಡುವ ಹೊತ್ತು. ತೀರಾ ಕೆಳಗಿನ ಸಾಲಿನಲ್ಲಿ ಪಂಚಾಯಿತಿ ಏನು ಯಾವಾಗ ಮಾಡುತ್ತದೆ ಅನ್ನೋದು. ಮುಂದಿನ ವರ್ಷದ ಯೋಜನೆಗೆ ಗ್ರಾಮ ಸಭೆ ಅಕ್ಟೋಬರ್ 2ರಿಂದ ಶುರು. ಕಾಮಗಾರಿ ಪಟ್ಟಿ ಮಂಜೂರಾಗಿ ಬರೋದು ಏಪ್ರಿಲ್ ಹೊತ್ತಿಗೆ. ಉದ್ಯೋಗ ಖಾತ್ರಿಯ ದೊಡ್ಡ ಪ್ರಚಾರ, ಆ "ದುಡಿಯೋಣ ಬಾ" ಅಭಿಯಾನ, ನಡೆಯುತ್ತಿದ್ದುದು ಬೇಸಿಗೆಯಲ್ಲಿ. ಬೇಸಿಗೆಗೆ ಅದು ಬೇಕೇ ಬೇಕಿತ್ತು, ಇಲ್ಲ ಅಂತಲ್ಲ. ಆದರೆ ನಮ್ಮ ಹಾಳೆಯಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಪಂಚಾಯಿತಿಯ ಸಾಲು ಖಾಲಿ ಬಿದ್ದಿತ್ತು. ಜನ ತಮ್ಮ ಆರು ತಿಂಗಳ ದುಡಿಮೆಯನ್ನು ಬರೆದುಕೊಡುವ ಹೊತ್ತು ಅದೇ. ಸದಸ್ಯರೆಲ್ಲ ಆ ಹಾಳೆ ಮುಂದೆ ನಿಂತಿದ್ದರು. ಒಬ್ಬರು ಪೆನ್ ತೆಗೆದುಕೊಂಡು ಖಾಲಿ ಜಾಗದಲ್ಲಿ "ಬದು" ಅಂತ ಬರೆದರು.

ಹಾಗಾಗಿ ಹೊಲದ ಬದು ನಿರ್ಮಾಣದಿಂದಲೇ ಶುರು ಮಾಡಿದೆವು. ಇದಕ್ಕೆ ಕಾರಣ ಇದೆ. ಹಿಂದಿನ ವರ್ಷದ ಮಂಜೂರಾದ ಪಟ್ಟಿಯಲ್ಲಿ ಬದು, ಕೃಷಿ ಹೊಂಡ, ಗೋಕಟ್ಟೆ ಕಾಮಗಾರಿಗಳು ಶುರುವಾಗದೆ ಹಾಗೇ ಇದ್ದವು. ಹೊಸ ಮಂಜೂರಾತಿ ಕಾಯಬೇಕಿಲ್ಲ. ಸಾಮಗ್ರಿ ಬೇಡ, ಹೆಚ್ಚುಕಡಿಮೆ ಎಲ್ಲ ಹಣವೂ ಕೂಲಿಗೇ. ಕೆಲಸ ಊರ ಹತ್ತಿರವೇ. ಕಾಯಕ ಮಿತ್ರ ಅಕ್ಕ ಮನೆಮನೆಗೆ ಹೋಗಿ ನಮೂನೆ 6 (ಕೆಲಸ ಕೇಳುವ ಅರ್ಜಿ) ತುಂಬಿಸಿದರು, ತಾರೀಕು ಹಾಕಿದ ಸ್ವೀಕೃತಿ ಕೊಟ್ಟರು. ಈ ಸ್ವೀಕೃತಿ ಬಗ್ಗೆ ಒತ್ತಿ ಹೇಳುತ್ತೇನೆ. ಆಗ ಇದ್ದ 2005ರ ಉದ್ಯೋಗ ಖಾತ್ರಿ ಕಾಯ್ದೆ ಪ್ರಕಾರ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದ ಹಾಗೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದ ಹಾಗೆ. ತಾರೀಕು ಇಲ್ಲದ ಅರ್ಜಿಗೆ ಇದ್ಯಾವುದೂ ಇರಲಿಲ್ಲ. ಎಷ್ಟೋ ಊರಲ್ಲಿ ಜನ ಬಾಯಿಮಾತಲ್ಲಿ ಕೆಲಸ ಕೇಳುತ್ತಾರೆ, ಬಾಯಿಮಾತಲ್ಲೇ ಮುಗಿಯುತ್ತದೆ.

ಆಗ ದಿನದ ಕೂಲಿ 316 ರೂಪಾಯಿ. ಹೆಣ್ಣಿಗೂ ಅಷ್ಟೇ, ಗಂಡಿಗೂ ಅಷ್ಟೇ. ಹೆಂಗಸರು ಕೆಲಸಕ್ಕೆ ಮೊದಲು ಬಂದಿದ್ದು ಇದೇ ಕಾರಣಕ್ಕೆ. ಊರಿನ ಬೇರೆ ಯಾವ ಕೂಲಿಯಲ್ಲೂ ಅವರಿಗೆ ಸಮ ಸಿಗೋದಿಲ್ಲ. ಆದರೆ ದುಡ್ಡು ಖಾತೆಗೆ ಬರೋದು ತಡ ಆಯಿತು. ದಿನಕ್ಕೆರಡು ಸಲ ಮೊಬೈಲ್‌ನಲ್ಲಿ ಹಾಜರಾತಿ ಫೋಟೋ ಹಾಕಬೇಕಿತ್ತು, ನೆಟ್‌ವರ್ಕ್ ಸಿಗದ ಹೊಲದಲ್ಲಿ ಮೇಟಿ (ಕೂಲಿಗಾರರ ತಂಡದ ಮುಂದಾಳು) ಫೋನ್ ಹಿಡಿದು ದಿಬ್ಬ ಹತ್ತಬೇಕಿತ್ತು. 2024ರ ಜನವರಿಯಿಂದ ಆಧಾರ್ ಜೋಡಣೆಯ ಪಾವತಿ ಕಡ್ಡಾಯ ಆದಾಗ ಹೆಸರಿನ ಒಂದು ಅಕ್ಷರ ಬೇರೆ ಇದ್ದವರ ಕೂಲಿ ನಿಂತಿತು. ಅವರೆಲ್ಲ ಜಗಳೂರಿನ ಬ್ಯಾಂಕಿಗೆ ಅಲೆದರು. ಒಬ್ಬ ತಾಯಿ ನನ್ನ ಹತ್ತಿರ ಬಂದು ಜಗಳ ಆಡಲಿಲ್ಲ, ಕೂಗಾಡಲಿಲ್ಲ. "ಮೇಸ್ತ್ರಿ ಕೈಯಾಗಿಟ್ಟು ಕಳಿಸ್ತಿದ್ದ ಕಣಪ್ಪ" ಅಂದರು, ಅಷ್ಟೇ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಉತ್ತರ ಇಲ್ಲ. ಸ್ತ್ರೀಶಕ್ತಿ ಸಂಘದವರು ತಮ್ಮ ಉಳಿತಾಯದಿಂದ ಕೂಲಿ ಬರುವ ತನಕ ಸಣ್ಣ ಸಾಲ ಕೊಟ್ಟರು, ಅದರಿಂದ ಕೆಲವು ಮನೆಯವರು ಮುಂಗಡ ತೆಗೆದುಕೊಳ್ಳದೆ ತಡೆದರು. ಸಂಘದ ಹೆಂಗಸರು ತಾವಾಗೇ ಮಾಡಿದ್ದು ಇದು. ಕೂಲಿ 15 ದಿನದಲ್ಲಿ ಬರಬೇಕು ಅಂತ ಕಾಯ್ದೆಯಲ್ಲೇ ಇರುವಾಗ ಬಡ ಹೆಂಗಸರ ಉಳಿತಾಯದಿಂದ ಅದನ್ನು ತುಂಬಬೇಕಾಗಿ ಬಂತಲ್ಲ ಅನ್ನೋ ಸಂಕಟ ನನಗೆ ಹೋಗಿಲ್ಲ.

ಇಷ್ಟಾಗಿ ಗುಳೆ ನಿಂತಿತಾ? ಇಲ್ಲ. ನಿಲ್ಲಿಸಬೇಕು ಅಂತ ನಾವು ಹೊರಟಿದ್ದೂ ಅಲ್ಲ. ಮುಂಗಡ ಆಗಲೇ ತೆಗೆದುಕೊಂಡವರು ಹೋದರು, ಹೋಗಲೇಬೇಕಿತ್ತು. ತೋಟದಲ್ಲಿ ಗಂಡ ಹೆಂಡತಿ ಇಬ್ಬರೂ ಕೆ.ಜಿ. ಲೆಕ್ಕದಲ್ಲಿ ಹಣ್ಣು ಬಿಡಿಸಿದರೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ ಅಂತ ಇಷ್ಟಪಟ್ಟು ಹೋಗುವವರೂ ಇದ್ದಾರೆ. ಬೆಂಗಳೂರಲ್ಲಿ ಗಾರೆ ಕಲಿತು ಊರಲ್ಲಿ ಮನೆ ಕಟ್ಟಿದವರು ಇದ್ದಾರೆ. ಅವರಿಗೆ "ಇಲ್ಲೇ ಇರಿ" ಅನ್ನೋಕೆ ನಾವ್ಯಾರು? ನಮಗೆ ಕಂಡ ವ್ಯತ್ಯಾಸ ಇಷ್ಟು: ಊರಲ್ಲಿ ಕೆಲಸ ಇದೆ ಅಂತ ಗೊತ್ತಿದ್ದಾಗ ಮನೆಯವರೆಲ್ಲ ಹೋಗೋದರ ಬದಲು ಒಬ್ಬರೋ ಇಬ್ಬರೋ ಹೋದರು, ಮಕ್ಕಳ ತಾಯಿ ಉಳಿದಳು. ಮುಂಗಡ ಕೇಳುವಾಗ ಜನ ಸ್ವಲ್ಪ ಚೌಕಾಸಿ ಮಾಡಿದರು, ಇರೋಕೆ ಮನೆ ಹೇಗಿದೆ, ನೀರು ಇದೆಯಾ, ವಾರಕ್ಕೊಮ್ಮೆ ಲೆಕ್ಕ ಕೊಡ್ತೀಯಾ ಅಂತ ಕೇಳಿದರು. ಮೇಸ್ತ್ರಿಗೂ ಇದು ಹೊಸದು.

ಹೋಗುವವರಿಗೆ ಅಂತಲೇ ದೀಪಾವಳಿಗೆ ಮೊದಲು ಪಂಚಾಯಿತಿಯಲ್ಲಿ ಒಂದು ಶಿಬಿರ ಮಾಡಿದೆವು. ಏನೇನು ಮಾಡಿದೆವು ಅಂದರೆ, ರೇಷನ್ ಕಾರ್ಡ್ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತದೆ ಅಂತ ಹೆಬ್ಬೆಟ್ಟು ಒತ್ತಿಸಿ ತೋರಿಸಿದೆವು, ಯಾಕಂದರೆ ತಿಂಗಳುಗಟ್ಟಲೆ ಅಕ್ಕಿ ಎತ್ತದಿದ್ದರೆ ಕಾರ್ಡ್ ಹೋಗುತ್ತೆ ಅನ್ನೋ ಭಯ ಎಲ್ಲರಿಗೂ ಇತ್ತು. ಗರ್ಭಿಣಿಯರ ತಾಯಿ ಕಾರ್ಡ್ ಸರಿ ಮಾಡಿಸಿ ಚೀಲದಲ್ಲಿ ಇಟ್ಟುಕೊಳ್ಳೋಕೆ ಹೇಳಿದೆವು. ಅಂಗನವಾಡಿಯವರ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವನ್ನು ಬೇರೆ ಊರಿನ ಅಂಗನವಾಡಿಗೆ ವರ್ಗ ಮಾಡಬಹುದು, ಅದನ್ನು ಟೀಚರ್ ಅಲ್ಲೇ ಮಾಡಿಕೊಟ್ಟರು. ಶಾಲೆ ಮಕ್ಕಳ ಸ್ಯಾಟ್ಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡುವ ನಂಬರ್) ಚೀಟಿಯಲ್ಲಿ ಬರೆದು ಕೊಟ್ಟೆವು, ಹೋದ ಕಡೆ ಶಾಲೆಗೆ ಸೇರಿಸುವಾಗ ಕೇಳುತ್ತಾರೆ. ಗಾರೆ ಕೆಲಸಕ್ಕೆ ಹೋಗುವವರಿಗೆ ಕಾರ್ಮಿಕ ಕಾರ್ಡ್ ಬಗ್ಗೆ ಹೇಳಿದೆವು: ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಬೇಕು, ಅದನ್ನು ಅಲ್ಲಿಂದಲೇ ಬರೆಸಿಕೊಂಡು ಬನ್ನಿ ಅಂತ.

ಇಲ್ಲಿ ಒಂದು ಸಂಗತಿ ಜನರಿಗೆ ಗೊತ್ತಿರೋದಿಲ್ಲ. ವಲಸೆ ಕಾರ್ಮಿಕರ ಕಾಯ್ದೆ ಅಂತ 1979ರದ್ದು ಆಗ ಒಂದಿತ್ತಲ್ಲ, ಅದು ಅಂತರರಾಜ್ಯ ವಲಸೆಗೆ ಮಾತ್ರ ಇತ್ತು. ಜಗಳೂರಿನಿಂದ ಮಡಿಕೇರಿಗೆ ಹೋದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಒಂದೇ ರಾಜ್ಯದೊಳಗೆ ಹೋದರೆ ಮೇಸ್ತ್ರಿ ಯಾರು, ಎಷ್ಟು ಜನ ಕರೆದುಕೊಂಡು ಹೋದ ಅಂತ ಎಲ್ಲೂ ನೋಂದಣಿ ಇರಲಿಲ್ಲ. ಅದಕ್ಕೇ ಪಂಚಾಯಿತಿ ವಹಿಯಲ್ಲಿ ಮೇಸ್ತ್ರಿಯ ಹೆಸರು, ಫೋನ್ ನಂಬರ್, ತೋಟ ಇರುವ ಊರು ಬರೆಸಿದ್ದು. ಮೇಸ್ತ್ರಿಯೇ ಬರೆಸಿದ. ನಂಬರ್ ಪಂಚಾಯಿತಿಯಲ್ಲಿ ಇದ್ದರೆ ತನಗೂ ಒಳ್ಳೆಯದು, ಯಾರಾದರೂ ತೋಟದಲ್ಲಿ ಬಿದ್ದು ಪೆಟ್ಟಾದರೆ ಒಬ್ಬನೇ ಓಡಾಡಬೇಕಿಲ್ಲ ಅಂದ.

ಮಕ್ಕಳ ವಿಷಯದಲ್ಲಿ ಅರ್ಧ ಕೆಲಸ ಆಯಿತು, ಅರ್ಧ ಆಗಲಿಲ್ಲ. ಸಮಗ್ರ ಶಿಕ್ಷಣದಲ್ಲಿ ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ಹಾಸ್ಟೆಲ್ ಮಾಡುವ ಅವಕಾಶ ಇದೆ. ಅದಕ್ಕೆ ಮಕ್ಕಳ ಪಟ್ಟಿ ಸಮೇತ ಪ್ರಸ್ತಾವ ಕಳಿಸಿದೆವು, ಆ ವರ್ಷ ಆಗಲಿಲ್ಲ. ದೊಡ್ಡ ಮಕ್ಕಳಿಗೆ ಇಲಾಖೆ ಹಾಸ್ಟೆಲ್‌ಗಳಲ್ಲಿ ಖಾಲಿ ಇದ್ದ ಜಾಗ ಸಿಕ್ಕಿತು. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳು ಅಜ್ಜಿಯರ ಜೊತೆ ಉಳಿದರು, ಇಲ್ಲವೇ ತಾಯಿ ಜೊತೆ ಹೋದರು. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ಬಿಸಿಯೂಟ ಮುಂದುವರೆಸಿದ್ದು ಉಳಿದ ಮಕ್ಕಳಿಗೆ ದೊಡ್ಡ ಆಸರೆ. ಯಾರು ಏನೇ ಹೇಳಲಿ, ಆ ಊಟದ ಬೆಲೆ ನನಗೆ ಗೊತ್ತು. ಮಧ್ಯಾಹ್ನ ತಟ್ಟೆ ಹಿಡಿದು ಬರುತ್ತಿದ್ದ ಮಕ್ಕಳನ್ನು ನೋಡಿದ್ದೇನೆ.

ಉಳಿದ ಅಜ್ಜ ಅಜ್ಜಿಯರಿಗೆ ವ್ಯವಸ್ಥೆ ಸರಳವಾಗಿ ಆಯಿತು. ವಹಿಯಲ್ಲಿ "ಒಬ್ಬರೇ ಇರುವವರು" ಅಂತ ಗುರುತು ಹಾಕಿದ ಮನೆಗಳ ಪಟ್ಟಿ ಆಶಾ ಅಕ್ಕನ ಕೈಗೆ ಹೋಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬಿಪಿ, ಶುಗರ್ ಮಾತ್ರೆ ಒಂದೇ ಸಲ ತಂದು ಹಂಚಿದರು. ಪಿಂಚಣಿ ಕೊಡುವ ಪೋಸ್ಟ್‌ಮ್ಯಾನ್‌ಗೂ ಪಟ್ಟಿ ಕೊಟ್ಟೆವು. ನೀರುಗಂಟಿ ದಿನಾ ನಲ್ಲಿ ಬಿಡುವಾಗ ಆ ಮನೆಗಳ ಮುಂದೆ ಒಂದು ಕೂಗು ಹಾಕಿ ಹೋಗಬೇಕು ಅಂತ ಅಧ್ಯಕ್ಷರು ಹೇಳಿದರು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ದಾವಣಗೆರೆ ನಗರದ ಕಡೆ ಮಾತ್ರ ಕಷ್ಟ ಆಯಿತು. ನಮ್ಮ ಪಂಚಾಯಿತಿಯ ಕೆಲವು ಮನೆಯವರು ನಗರದ ಹೊರವಲಯದ ಒಂದು ಬಡಾವಣೆ ಪಕ್ಕ ಟೆಂಟ್ ಹಾಕಿದ್ದರು. ನೀರಿನ ಟ್ಯಾಂಕರ್ ಅಲ್ಲಿಗೆ ಬರುತ್ತಿರಲಿಲ್ಲ. ಕೇಳೋಕೆ ಹೋದರೆ "ಅವರು ನಮ್ಮ ವಾರ್ಡ್‌ನವರಲ್ಲ" ಅಂದರು. ಊರಲ್ಲಿ ಕೇಳಿದರೆ "ಅವರು ಇಲ್ಲಿಲ್ಲ". ಎರಡು ಕಡೆಯ ಮಾತೂ ನಿಜ, ಅದರ ನಡುವೆ ಆ ಜನಕ್ಕೆ ಕುಡಿಯೋಕೆ ನೀರಿಲ್ಲ. ಕೊನೆಗೆ ಕೆಲಸ ಮಾಡಿದ್ದು ಒಂದು ಕಾಗದ. ಗ್ರಾಮ ಪಂಚಾಯಿತಿ ತನ್ನ ಲೆಟರ್‌ಹೆಡ್‌ನಲ್ಲಿ ಇಂತಿಷ್ಟು ಮನೆಯವರು, ಇಂತಿಷ್ಟು ಚಿಕ್ಕ ಮಕ್ಕಳು, ಇಬ್ಬರು ಗರ್ಭಿಣಿಯರು ನಮ್ಮ ಬರಪೀಡಿತ ಊರಿನಿಂದ ಬಂದು ನಿಮ್ಮ ವ್ಯಾಪ್ತಿಯಲ್ಲಿ ಇದ್ದಾರೆ, ಮಾರ್ಚ್ ಕೊನೆ ತನಕ ಇರುತ್ತಾರೆ ಅಂತ ಬರೆದು ಸೀಲ್ ಹಾಕಿ ಕೊಟ್ಟಿತು. ಅದಕ್ಕೆ ವಹಿಯ ಪ್ರತಿ ಲಗತ್ತು. ಕಾಗದ ಕೈಗೆ ಬಂದ ಮೇಲೆ ಟ್ಯಾಂಕರ್ ಬಂತು. ಹತ್ತಿರದ ಅಂಗನವಾಡಿ ಟೀಚರ್ ಮಕ್ಕಳನ್ನು ಸೇರಿಸಿಕೊಂಡರು, ಅವರಂತೂ ಕಾಗದ ಕೂಡ ಕೇಳಲಿಲ್ಲ.

ಪರಿಹಾರದ ವಿಷಯ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತೇನೆ. ಆಗ ಬೆಳೆ ನಷ್ಟಕ್ಕೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರ್. 2024ರ ಶುರುವಿನಲ್ಲಿ ಮೊದಲ ಕಂತು ಅಂತ 2,000 ರೂಪಾಯಿ ತನಕ ಬಂತು. ಇದಕ್ಕೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು, ಐಡಿಗೆ ಪಹಣಿ ಬೇಕು. ಭೂಮಿ ಇಲ್ಲದವರಿಗೆ, ಗುತ್ತಿಗೆಗೆ ಹೊಲ ಮಾಡಿದವರಿಗೆ ಏನೂ ಇಲ್ಲ. ನಮ್ಮ ವಹಿಯಲ್ಲಿ ಮೊದಲು ಊರು ಬಿಟ್ಟವರು ಅವರೇ.

2024ರ ಯುಗಾದಿ ಏಪ್ರಿಲ್ 9ಕ್ಕೆ ಬಂತು, ಜನ ವಾಪಸ್ ಬಂದರು, ಬಹಳಷ್ಟು ಜನ ಮೇ 7ರ ಮತದಾನದ ತನಕ ಉಳಿದರು. ಆಗ ಎರಡನೇ ಸುತ್ತು ಹೋದೆವು. ಎಷ್ಟು ದುಡಿದಿರಿ, ಮುಂಗಡ ತೀರಿತಾ, ಹೋದ ಕಡೆ ರೇಷನ್ ಸಿಕ್ಕಿತಾ, ಮಗು ಶಾಲೆಗೆ ಹೋಯಿತಾ. ರೇಷನ್ ಬಹುತೇಕರಿಗೆ ಸಿಕ್ಕಿತ್ತು. ಶಾಲೆ ಕೆಲವರಿಗೆ ಮಾತ್ರ, ತೋಟದಿಂದ ಶಾಲೆ ದೂರ. ಮುಂಗಡ ತೀರದೆ ಮುಂದಿನ ವರ್ಷಕ್ಕೆ ಸಾಗಿಸಿಕೊಂಡು ಬಂದ ಮನೆಗಳೂ ಇದ್ದವು. ಆ ಮನೆಗಳಿಗೆ ಮಳೆ ಚೆನ್ನಾಗಿ ಆದರೂ ಗುಳೆ ತಪ್ಪೋದಿಲ್ಲ. 2024ರಲ್ಲಿ ಮಳೆ ಆಯಿತು, ಅವರು ಹೋದರು. ಹಾಗಾಗಿ ಬರ ಮುಗಿಯಿತು ಅಂತ ಈ ಕೆಲಸ ಮುಗಿಸೋ ಹಾಗಿಲ್ಲ ಅನ್ನೋದು ಪಂಚಾಯಿತಿ ಸದಸ್ಯರಿಗೇ ಮನವರಿಕೆ ಆಯಿತು.

ಈಗ ಅವರ ವಾರ್ಷಿಕ ಯೋಜನೆಯಲ್ಲಿ ಗುಳೆಗೆ ಅಂತಲೇ ಒಂದು ಪುಟ ಇದೆ. ವಹಿಯ ಮೊದಲ ಸುತ್ತು ಆಗಸ್ಟ್‌ನಲ್ಲಿ, ಗೌರಿ ಹಬ್ಬಕ್ಕೆ ಮೊದಲು. ಬದು ಮತ್ತು ಕೃಷಿ ಹೊಂಡದ ಕಾಮಗಾರಿಗಳಲ್ಲಿ ಒಂದು ಪಾಲನ್ನು ಬೇಸಿಗೆಯಲ್ಲಿ ಮುಗಿಸದೆ ಸೆಪ್ಟೆಂಬರ್‌ಗೆ ಅಂತ ಎತ್ತಿಡುತ್ತಾರೆ. ಹೋಗುವವರ ಶಿಬಿರ ದೀಪಾವಳಿಗೆ ಮೊದಲು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60 ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದಾಗಿತ್ತು, ಉಳಿದ 40ರಲ್ಲಿ ಇದಕ್ಕೆ ಎಷ್ಟು ಬಳಸಬಹುದು ಅಂತ ಪ್ರತಿ ವರ್ಷ ಜಗ್ಗಾಟ ಇದ್ದೇ ಇರುತ್ತಿತ್ತು. ವಹಿಗೆ ಇನ್ನೆರಡು ಕಾಲಂ ಸೇರಿವೆ: ಮುಂಗಡ ಪಡೆದ ತಿಂಗಳು ಮತ್ತು ಹೋಗುವ ಊರಿನ ಗ್ರಾಮ ಪಂಚಾಯಿತಿ ಅಥವಾ ವಾರ್ಡ್. ಎರಡನೆಯದು ಯಾಕೆ ಅಂದರೆ ನಗರಕ್ಕೆ ಕೊಟ್ಟಂಥ ಕಾಗದವನ್ನು ಚಿಕ್ಕಮಗಳೂರು, ಕೊಡಗಿನ ಪಂಚಾಯಿತಿಗಳಿಗೂ ಜನ ಹೊರಡುವ ಮೊದಲೇ ಕಳಿಸಬೇಕು ಅಂತ ನಿರ್ಣಯ ಆಗಿದೆ. ಕಾಗದದ ಕರಡು ತಯಾರಿದೆ, ಪಿಡಿಒ ಮೇಡಂ ಅದನ್ನು ಪಕ್ಕದ ಎರಡು ಪಂಚಾಯಿತಿಗಳಿಗೂ ಕೊಟ್ಟಿದ್ದಾರೆ.